ಹಳೆ ಮುಸಾರ್ ಬಾಟಲಿ ತೆರೆಯುವುದು: ನನ್ನ ಅನುಭವ

ಲಂಡನ್ನಿನ ಒಂದು ರೆಸ್ಟೊರೆಂಟಿನಲ್ಲಿ ವೈನ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಪಟ್ಟಿಯಲ್ಲಿ ನಿನಗೆ ಯಾವುದು ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ಯೋಚಿಸುವುದೇ ಇಲ್ಲ. ಲೆಬನಾನಿನ ಶಾಟೊ ಮುಸಾರ್, ಅದರಲ್ಲೂ ಕೆಂಪು. ಆದರೆ ಬೇರೆ ವೈನಿನ ಹಾಗೆ ಬಿರಡೆ ತೆಗೆದು ತಕ್ಷಣ ಗ್ಲಾಸಿಗೆ ಸುರಿದರೆ ಇದರ ಅರ್ಧ ಗುಣವೂ ತಿಳಿಯುವುದಿಲ್ಲ. ಹಳೆಯ ಬಾಟಲಿಯಾದರಂತೂ ಹೇಳುವುದೇ ಬೇಡ. ಹಾಗಾಗಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈ ಬಾಟಲಿ ತೆರೆಯುವುದನ್ನು ನಾನೇ ಪಕ್ಕದಲ್ಲಿ ನಿಂತು ಹೇಳಿಕೊಡುತ್ತೇನೆ.

ಮೊದಲು ಇದು ಹೇಗೆ ತಯಾರಾಗುತ್ತದೆ ಅಂತ ಗೊತ್ತಿರಬೇಕು. ಬೈರೂತ್‌ನ ಉತ್ತರಕ್ಕಿರುವ ಗಝೀರ್‌ನಲ್ಲಿ ಗ್ಯಾಸ್ಟನ್ ಹೊಶಾರ್ 1930ರಲ್ಲಿ ಈ ವೈನರಿ ಶುರುಮಾಡಿದರು. 1959ರಲ್ಲಿ ಮಗ ಸೆರ್ಜ್ ವೈನ್ ಮಾಡುವ ಹೊಣೆ ಹೊತ್ತರು. ಅವರು ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ವಿದ್ಯೆ ಕಲಿತವರು. ಇವತ್ತಿಗೂ ಅದು ಆ ಕುಟುಂಬದ ಕೈಯಲ್ಲೇ ಇದೆ. ದ್ರಾಕ್ಷಿ ಬರುವುದು ಮಾತ್ರ ಬೆಟ್ಟಸಾಲಿನ ಆಚೆಗಿನ ಬೆಕಾ ಕಣಿವೆಯಿಂದ, ಸುಮಾರು 1,000 ಮೀಟರ್ ಎತ್ತರದ ತೋಟಗಳಿಂದ. ಕ್ಯಾಬರ್ನೆ ಸೊವಿನ್ಯೊ, ಸಾನ್ಸೊ, ಕಾರಿನ್ಯಾನ್ ಅಂತ ಮೂರು ತಳಿ. ಇವನ್ನು ಬೇರೆಬೇರೆಯಾಗಿ ಸಿಮೆಂಟ್ ತೊಟ್ಟಿಗಳಲ್ಲಿ ಹುದುಗಿಸುತ್ತಾರೆ. ಪೊಟ್ಟಣದ ಯೀಸ್ಟ್ ಹಾಕುವುದಿಲ್ಲ, ಹಣ್ಣಿನ ಜೊತೆ ಬಂದ ಯೀಸ್ಟೇ ಸಾಕು. ಆಮೇಲೆ ಒಂದು ವರ್ಷ ಫ್ರೆಂಚ್ ಓಕ್ ಪೀಪಾಯಿಯಲ್ಲಿ ಇಟ್ಟು, ಮೂರನ್ನೂ ಬೆರೆಸಿ ಬಾಟಲಿಗೆ ತುಂಬುತ್ತಾರೆ. ಶೋಧಿಸುವುದಿಲ್ಲ. ಬಾಟಲಿಗಳು ನೆಲಮಾಳಿಗೆಯಲ್ಲೇ ವರ್ಷಗಟ್ಟಲೆ ಮಲಗಿರುತ್ತವೆ. ಮಾರಾಟಕ್ಕೆ ಬರುವುದು ಏಳನೇ ವರ್ಷದಲ್ಲಿ! ಅಷ್ಟು ವರ್ಷ ದುಡ್ಡು ಸುಮ್ನೆ ಕೂರಿಸಿಕೊಂಡು ಕಾಯುವ ಮನೆತನ ಜಾಸ್ತಿ ಸಿಗುವುದಿಲ್ಲ.

1975ರಿಂದ 1990ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ತೋಟ ಒಂದು ಕಡೆ, ತೊಟ್ಟಿ ಇನ್ನೊಂದು ಕಡೆ, ನಡುವೆ ಗುಂಡಿನ ಕಾಳಗ. ಆದರೂ ಹೆಚ್ಚುಕಡಿಮೆ ಪ್ರತಿ ವರ್ಷವೂ ವೈನ್ ಮಾಡಿದರು. 1976ರಲ್ಲಿ ಮಾತ್ರ ಆಗಲೇ ಇಲ್ಲ. 1984ರಲ್ಲಿ ದ್ರಾಕ್ಷಿ ತುಂಬಿದ ಲಾರಿಗಳು ಸುತ್ತುಬಳಸಿ ಬರುವಷ್ಟರಲ್ಲಿ ಹಣ್ಣು ದಾರಿಯಲ್ಲೇ ಹುದುಗಲು ಶುರುವಾಗಿತ್ತು. 1979ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವೈನ್ ಮೇಳದಲ್ಲಿ ಕ್ರಿಸ್ಟೀಸ್ ಹರಾಜು ಸಂಸ್ಥೆಯ ಮೈಕೆಲ್ ಬ್ರಾಡ್‌ಬೆಂಟ್ ಇದನ್ನು ಮೆಚ್ಚಿ ಹೇಳಿದ ಮೇಲೆ ಈ ದೇಶದಲ್ಲಿ ಇದಕ್ಕೆ ಹೆಸರು ಬಂತು. ಆ ಕಾಲದಿಂದ ಕೊಂಡಿಟ್ಟವರ ಮನೆಗಳಲ್ಲಿ ಇನ್ನೂ ಹಳೆ ಬಾಟಲಿಗಳಿವೆ. ಕೆಲವರು ಅವನ್ನೇ ನಮ್ಮಲ್ಲಿಗೆ ತಂದು, ನೀವೇ ತೆರೆದುಕೊಡಿ ಅನ್ನುತ್ತಾರೆ.

ಅಂಥ ಬಾಟಲಿ ಬರುತ್ತದೆ ಅಂದರೆ ಹಿಂದಿನ ದಿನವೇ ತಂದುಕೊಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಬಂದ ಕೂಡಲೇ ನೆಟ್ಟಗೆ ನಿಲ್ಲಿಸುತ್ತೇನೆ. ಶೋಧಿಸದ ವೈನ್ ಆದ್ದರಿಂದ ವರ್ಷ ಕಳೆದಂತೆ ಗಸಿ ಜಾಸ್ತಿ. ಮಲಗಿಸಿಟ್ಟ ಬಾಟಲಿಯಲ್ಲಿ ಅದು ಒಂದು ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ತಳಕ್ಕಿಳಿಯಲು ಒಂದು ರಾತ್ರಿಯಾದರೂ ಬೇಕು. ನಿಲ್ಲಿಸಿದಾಗ ವೈನಿನ ಮಟ್ಟವನ್ನೂ ನೋಡುತ್ತೇನೆ. ಕುತ್ತಿಗೆಯವರೆಗೆ ಇದ್ದರೆ ಸಂತೋಷ. ಭುಜದ ಕೆಳಗೆ ಇಳಿದಿದ್ದರೆ ಬಿರಡೆ ಗಾಳಿ ಬಿಟ್ಟಿದೆ ಅಂತ ಅರ್ಥ, ಅದನ್ನು ತಂದವರಿಗೆ ಮುಂಚೆಯೇ ಹೇಳಿಬಿಡುತ್ತೇನೆ.

ಬಿರಡೆಯದು ಬೇರೆ ಕಥೆ. ಇಪ್ಪತ್ತು ಮೂವತ್ತು ವರ್ಷದ ಬಿರಡೆ ಒಳಗೆ ನೆನೆದು ಮೆತ್ತಗಾಗಿರುತ್ತದೆ, ಮೇಲೆ ಒಣಗಿ ಪುಡಿಪುಡಿ. ಮಾಮೂಲಿ ತಿರುಪು ಹಾಕಿ ಎಳೆದರೆ ನಡುವೆಯೇ ಮುರಿಯುತ್ತದೆ. ಅದಕ್ಕೆ ನಾನು ಎರಡು ತೆಳು ಅಲಗಿನ ತೆಗೆಯುವ ಸಾಧನ ಬಳಸುತ್ತೇನೆ. ಉದ್ದದ ಅಲಗನ್ನು ಮೊದಲು ಗಾಜು ಮತ್ತು ಬಿರಡೆಯ ನಡುವೆ ತೂರಿಸಬೇಕು, ಆಮೇಲೆ ಗಿಡ್ಡದ್ದು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮೆಲ್ಲಗೆ ಒತ್ತುತ್ತಾ ಹೋದರೆ ಎರಡೂ ಕೆಳಗಿಳಿಯುತ್ತವೆ. ಬಿರಡೆಯನ್ನು ಒಳಕ್ಕೆ ತಳ್ಳುವಂತೆ ಒತ್ತಬಾರದು. ಪೂರ್ತಿ ಇಳಿದ ಮೇಲೆ ತಿರುಗಿಸುತ್ತಾ ಎತ್ತಿದರೆ ಬಿರಡೆ ಇಡಿಯಾಗಿ ಕೈಗೆ ಬರುತ್ತದೆ. ಬಾಟಲಿಯ ಬಾಯನ್ನು ಒಳಗೂ ಹೊರಗೂ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ.

ಇನ್ನು ಡಿಕ್ಯಾಂಟರ್‌ಗೆ, ಅಂದರೆ ವೈನ್ ಸುರಿದಿಡುವ ಗಾಜಿನ ಹೂಜಿಗೆ, ಬಗ್ಗಿಸುವುದು. ತಿಳಿಸಾರಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳುವ ಹಾಗೆಯೇ ಇದು. ಬಾಟಲಿಯ ಭುಜದ ಹಿಂದೆ ಮೇಣದ ಬತ್ತಿಯೋ ಸಣ್ಣ ಟಾರ್ಚೋ ಇಟ್ಟುಕೊಂಡು, ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿಯಬೇಕು. ನಡುವೆ ಕೈ ನಿಲ್ಲಿಸಿ ಬಾಟಲಿ ನೆಟ್ಟಗೆ ಮಾಡಿದರೆ ಗಸಿ ಮತ್ತೆ ಕದಡುತ್ತದೆ. ಮೊದಲು ಬೆಳಕಿನಲ್ಲಿ ತಿಳಿಯಾದ ಮಾಗಿದ ಕೆಂಪು. ಕೊನೆಕೊನೆಗೆ ಭುಜದ ತಿರುವಿನಲ್ಲಿ ಹೊಗೆಯಂಥ ಎಳೆಯೊಂದು ತೆವಳುತ್ತಾ ಕುತ್ತಿಗೆಯ ಕಡೆ ಬರುತ್ತದೆ. ಅದು ಬಾಯಿಗೆ ಮುಟ್ಟುವ ಮೊದಲೇ ನಿಲ್ಲಿಸಬೇಕು. ಸ್ವಲ್ಪ ವೈನ್ ಬಾಟಲಿಯಲ್ಲೇ ಉಳಿಯುತ್ತದೆ, ಉಳಿಯಲಿ. ಬಟ್ಟೆಯಲ್ಲಿ ಶೋಧಿಸೋಣ ಅನ್ನುವವರಿದ್ದಾರೆ. ಬಟ್ಟೆಯ ವಾಸನೆ ವೈನಿಗೆ ಹತ್ತುತ್ತದೆ, ನನಗೆ ಅದು ಬೇಡವೇ ಬೇಡ.

ಈಗ ಮೂಗಿನ ವಿಷಯ. ಮುಸಾರ್ ತೆರೆದ ಕೂಡಲೇ ಮೇಲಕ್ಕೆ ಚುರುಕಾದ ಒಂದು ವಾಸನೆ ಏಳುತ್ತದೆ, ಉಗುರುಬಣ್ಣದ್ದೋ ವಿನೆಗರ್‌ನದ್ದೋ ಅನ್ನಿಸುವಂಥದ್ದು. ಅದರ ಹಿಂದೆಯೇ ಚರ್ಮದ, ಕುದುರೆ ಲಾಯದ ವಾಸನೆ. ಪಾಠದ ಪ್ರಕಾರ ಎರಡೂ ದೋಷವೇ. ಮೊದಲನೆಯದು ಆವಿಯಾಗುವ ಆಮ್ಲದಿಂದ, ಎರಡನೆಯದು ಬ್ರೆಟ್ಟನೊಮೈಸಿಸ್ ಅನ್ನುವ ಯೀಸ್ಟಿನಿಂದ. ಈ ಕಾರಣಕ್ಕೇ ಮುಸಾರನ್ನು ಬೇಡ ಅನ್ನುವ ಜಾಣರು ನಮ್ಮ ಕಸುಬಿನಲ್ಲೇ ಇದ್ದಾರೆ. ನಾನು ಒಪ್ಪುವುದಿಲ್ಲ. ಮಿತಿಯಲ್ಲಿದ್ದಾಗ ಅವೇ ಈ ವೈನಿಗೆ ಜೀವ ತುಂಬುತ್ತವೆ. ಗಾಳಿ ತಾಗಿದ ಮೇಲೆ ಅವು ಹಿಂದೆ ಸರಿಯುತ್ತವೆ. ಸಾನ್ಸೊದ ಹೂವಿನ ಘಮ, ಅಂಜೂರ, ಮಸಾಲೆ, ಒಣಚೆರ್ರಿ ಒಂದೊಂದಾಗಿ ಮುಂದೆ ಬರುತ್ತವೆ. ಕ್ಯಾಬರ್ನೆಯ ಒಗರು ಹಳೆ ಬಾಟಲಿಯಲ್ಲಿ ನಾಲಗೆಗೆ ರೇಷ್ಮೆಯಷ್ಟು ನಯ. ಆದರೆ ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಕಾಯುವುದರಲ್ಲಿ ಅರ್ಥವಿಲ್ಲ. ಅದು ಬಿರಡೆ ಕೆಡಿಸಿದ ವೈನ್, ಹೊತ್ತು ಹೋದಷ್ಟೂ ವಾಸನೆ ಎದ್ದು ಕಾಣುತ್ತದೆ.

ಒಬ್ಬ ಹಿರಿಯರು ಮೊದಲ ಗುಟುಕಿಗೇ ಮುಖ ಸಿಂಡರಿಸಿ, "ಇದು ಹುಳಿ ಹತ್ತಿದೆ, ತೆಗೆದುಕೊಂಡು ಹೋಗಿ" ಅಂದರು.

"ಸರ್, ಊಟ ಬರುವವರೆಗೆ ಹಾಗೇ ಇರಲಿ. ಆಮೇಲೂ ಹಿಡಿಸದಿದ್ದರೆ ಬೇರೆ ಬಾಟಲಿ ತರುತ್ತೇನೆ" ಅಂದೆ. ಕುರಿಮಾಂಸ ಬಡಿಸಿದ ಮೇಲೆ ಅವರೇ ಕೈಸನ್ನೆ ಮಾಡಿ ಕರೆದು, ಇದೇ ವೈನ್ ಅಲ್ವಾ, ಬದಲಾಯಿಸಿಲ್ಲ ತಾನೇ ಅಂತ ಕೇಳಿದರು. ಆ ಪ್ರಶ್ನೆ ಕೇಳುವಾಗಿನ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಷ್ಟು ಹೊತ್ತು ಬಿಡಬೇಕು ಅನ್ನುವುದಕ್ಕೆ ಒಂದೇ ಲೆಕ್ಕವಿಲ್ಲ. ಈಗಷ್ಟೇ ಅಂಗಡಿಗೆ ಬಂದ ವರ್ಷದ್ದಾದರೆ ಮಧ್ಯಾಹ್ನವೇ ಬಗ್ಗಿಸಿಟ್ಟು ರಾತ್ರಿ ಕೊಡುತ್ತೇನೆ. ತುಂಬಾ ಹಳೆಯದಾದರೆ ಒಂದು ಗಂಟೆ ಮುಂಚೆ ತೆರೆದು, ನಡುನಡುವೆ ಮೂಸಿ ನೋಡುತ್ತೇನೆ. 18 ಡಿಗ್ರಿಗಿಂತ ಬೆಚ್ಚಗೆ ಕೊಡುವುದಿಲ್ಲ. ಬೆಚ್ಚಗಾದರೆ ಆ ಚುರುಕು ವಾಸನೆಯೇ ಮೂಗಿಗೆ ಹೊಡೆಯುತ್ತದೆ.

ಮೊದಲ ಸಲ ಕೊಳ್ಳುವವರು ಹಳೆಯದರ ಬೆನ್ನು ಹತ್ತುವುದು ಬೇಡ. ಈಗ ಅಂಗಡಿಯಲ್ಲಿ ಸಿಗುವ ವರ್ಷದ್ದನ್ನೇ ತೆಗೆದುಕೊಳ್ಳಿ, ಅದಕ್ಕೇ ಏಳು ವರ್ಷವಾಗಿರುತ್ತದೆ. ಅರ್ಧ ಆ ದಿನ ಕುಡಿದು, ಉಳಿದರ್ಧಕ್ಕೆ ಬಿರಡೆ ಹಾಕಿ ತಂಪಾದ ಕಡೆ ಇಟ್ಟು ಮರುದಿನ ನೋಡಿ. ನನಗಂತೂ ಎರಡನೇ ದಿನದ್ದೇ ಹೆಚ್ಚು ರುಚಿ.