ಬಾಗಿದ ಪ್ಲೈವುಡ್ ಕುರ್ಚಿ ಕೊನೆಗೂ ನಿಂತಿತು

ವೆನೀರ್, ಅಂದರೆ ತೆಳುವಾಗಿ ಸೀಳಿದ ಮರದ ಹಾಳೆ, ಪದರ ಪದರವಾಗಿ ಅಂಟಿಸಿ ಬಗ್ಗಿಸಿದ ಕುರ್ಚಿ ಒಂದು ಮಳೆಗಾಲಕ್ಕೇ ಬಾಯಿ ಬಿಡುತ್ತದೆ ಎಂದು ಮೈಸೂರಿನಲ್ಲಿ ನಮಗೆ ಹೇಳದ ಬಡಗಿಯಿಲ್ಲ. ನಮ್ಮ ಮೊದಲ ಕುರ್ಚಿಗಳು ಎರಡು ಮಳೆಗಾಲ ದಾಟಿವೆ, ಒಂದರ ಅಂಚೂ ಎದ್ದಿಲ್ಲ.

ಬಾಗಿದ ಪ್ಲೈವುಡ್ ಕುರ್ಚಿಗಳಿಗೆ ಹೆಸರಾದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1941ರಲ್ಲಿ ಮದುವೆಯಾಗಿ ಲಾಸ್ ಏಂಜಲೀಸ್‌ಗೆ ಹೋದವರು, ಬಾಡಿಗೆ ಮನೆಯೊಳಗೇ ಪ್ಲಾಸ್ಟರ್ ಅಚ್ಚು, ಕಾಯಿಸುವ ತಂತಿ, ಸೈಕಲ್ ಪಂಪಿನಿಂದ ಉಬ್ಬಿಸುವ ಚೀಲ ಸೇರಿಸಿ ಒತ್ತುವ ಯಂತ್ರ ಮಾಡಿಕೊಂಡಿದ್ದರು. ನಮ್ಮ ಮನೆಯವರು ಅದನ್ನು ತಿರುಗಿಸಿದರು: ಚೀಲ ಉಬ್ಬಿಸುವ ಬದಲು ಅದರೊಳಗಿನ ಗಾಳಿ ಎಳೆಯುವುದು. ಹಳೆಯ ವ್ಯಾಕ್ಯೂಮ್ ಪಂಪು ಹದಿನೆಂಟು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು.

ಹಣ ಸುರಿದದ್ದು ವೆನೀರಿಗೆ. ಆಸನ, ಬೆನ್ನು ಎರಡೂ ಒಂದೇ ಚಿಪ್ಪಾಗಬೇಕೆಂಬುದು ನಮ್ಮ ಹಟ. ಕೊಡಗಿನ ಸಿಲ್ವರ್ ಓಕ್ ಪದರಗಳು ಅವೆರಡೂ ಸೇರುವ ತಿರುವಿನಲ್ಲೇ ಪ್ರತಿ ಸಲ ಸೀಳಿದವು. ಒಂದೂವರೆ ಲಕ್ಷವಾದರೂ ಹೋಗಿರಬೇಕು, ಅದರಲ್ಲಿ ನನ್ನ ಚೀಟಿ ಹಣವೂ ಇತ್ತು. ಮಾವನವರು ಸಾಲ ಕೊಡುವುದನ್ನು ನಿಲ್ಲಿಸಿದರು. ಸೀಳಿದ ಚಿಪ್ಪುಗಳಿಗೆ ದೀಪ ಕೂರಿಸಿ ಒಂದು ಕಾಫಿ ಅಂಗಡಿಗೆ ತಲಾ ಎಂಟುನೂರಕ್ಕೆ ಮಾರಿದೆವು. ಶೆಡ್ಡಿನ ಬಾಡಿಗೆ ಅದರಿಂದಲೇ ಹೊರಟಿತು. ನಡುವೆ ಬಿದಿರಿನ ಚಾಪೆಯನ್ನೂ ಒಂದು ಪದರವಾಗಿ ಇಟ್ಟು ನೋಡಿದೆವು. ಚೆಂದ ಕಂಡಿತು, ಆದರೆ ಅಂಟನ್ನೆಲ್ಲ ಹೀರಿಕೊಂಡು ಪೊಳ್ಳಾಯಿತು.

ಅಲ್ಲಿಯವರೆಗೆ ನಾನು ಚಿತ್ರ ಬರೆಯುವುದು, ಇವರು ಒತ್ತುವುದು ಎಂದಿತ್ತು. ನಾನು ಅಚ್ಚಿನ ಮುಂದೆ ನಿಂತ ಮೇಲೆ ಕೆಲಸ ತಿರುಗಿತು. ರವಿಕೆಗೆ ಟಕ್ಸ್ ಹಿಡಿಯುವಂತೆ ಪ್ರತಿ ಪದರದಲ್ಲೂ ಬೆಣೆಯಾಕಾರದ ಸೀಳು ತೆಗೆದೆ, ಒಂದರ ಸೀಳಿನ ಮೇಲೆ ಇನ್ನೊಂದರದ್ದು ಬಾರದಂತೆ. ಎಲ್ಲೆಲ್ಲಿ ಎನ್ನುವುದು ನಮ್ಮಲ್ಲೇ ಇರಲಿ. ಈಮ್ಸ್ ದಂಪತಿಯ ಹಾಗೆಯೇ ಆಸನವನ್ನೂ ಬೆನ್ನನ್ನೂ ಬೇರೆ ಮಾಡಿದೆವು. ಏಳು ಪದರ, ಒಟ್ಟು ಹತ್ತು ಮಿಲಿಮೀಟರ್‌ನಷ್ಟು ದಪ್ಪ. ಚೀಲದೊಳಗೆ ಆರು ಗಂಟೆ. ಹೊರತೆಗೆದಾಗ ಮರ ಸ್ವಲ್ಪ ಬಿಚ್ಚಿಕೊಳ್ಳುವುದರಿಂದ ಅಚ್ಚನ್ನೇ ಮೂರು ನಾಲ್ಕು ಡಿಗ್ರಿ ಹೆಚ್ಚು ಬಾಗಿಸಿದ್ದೇವೆ. ಮಳೆಗಾಲದಲ್ಲಿ ವೆನೀರಿನ ತೇವ ಎಂಟು ಶೇಕಡಾಕ್ಕೆ ಇಳಿಯುವವರೆಗೆ ಇವರು ಅಂಟಿನ ಡಬ್ಬಿ ಮುಟ್ಟುವುದಿಲ್ಲ. ಬೆನ್ನನ್ನು ಹಿಡಿಯುವ ರಬ್ಬರ್ ಬಿಲ್ಲೆ ಎಲ್ಲಿಯದೆಂದು ಹೇಳಲಾರೆ.

1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಈಮ್ಸ್ ದಂಪತಿಯ ಪೀಠೋಪಕರಣಗಳ ಪ್ರದರ್ಶನ ನಡೆಸಿತು. ಶೀರ್ಷಿಕೆಯಲ್ಲಿ ಇದ್ದದ್ದು ಚಾರ್ಲ್ಸ್ ಹೆಸರೊಂದೇ. ರೇ ವರ್ಣಚಿತ್ರ ಕಲಿತವಳು. ಆ ಬಾಗುಗಳಲ್ಲಿ ಅವಳ ಕಣ್ಣು ನನಗೆ ಎದ್ದು ಕಾಣುತ್ತದೆ. ಈಗಲೂ ಸಿಟ್ಟು ಬರುತ್ತದೆ. ನಮ್ಮ ಕುರ್ಚಿಯ ಅಡಿಯಲ್ಲಿ ಇಬ್ಬರ ಹೆಸರನ್ನೂ ಕಾದ ಕಬ್ಬಿಣದಿಂದ ಒತ್ತುತ್ತೇವೆ. ಒಬ್ಬ ಗಿರಾಕಿ ಇವರ ಹೆಸರು ಮಾತ್ರ ಹಾಕಿ ಆರ್ಡರ್ ಕಳಿಸಿದಾಗ, ತಿದ್ದಿ ಕಳಿಸಿ ಎಂದು ಇವರೇ ಹಿಂದಿರುಗಿಸಿದರು.

ಒಂದು ಕುರ್ಚಿಗೆ ಐದೂವರೆ ಸಾವಿರ ಬೀಳುತ್ತದೆ, ಹನ್ನೆರಡಕ್ಕೆ ಹೋಗುತ್ತದೆ. ಹೋದ ದೀಪಾವಳಿಗೆ ಸಾಲ ತೀರಿತು. ಈಗ ಮಕ್ಕಳ ಕುರ್ಚಿಯ ಅಚ್ಚು ಸಿದ್ಧವಿದೆ. ಅದರ ಬಾಗು ಚಿಕ್ಕದು, 0.6 ಮಿಲಿಮೀಟರ್‌ನ ಸಿಲ್ವರ್ ಓಕ್ ವೆನೀರ್ ಬೇಕು. ಚಿಕ್ಕ ಪ್ರಮಾಣದಲ್ಲಿ ಸೀಳಿ ಕೊಡುವವರು ಗೊತ್ತಿದ್ದರೆ ತಿಳಿಸಿ.