ತಿಮಿಂಗಿಲಕ್ಕೆ ನಮ್ಮ ಸದ್ದು ಕೇಳಬೇಕು: ಹಾಯಿದೋಣಿಯಲ್ಲಿ ನನ್ನ ಅನುಭವ

ಹಾಯಿದೋಣಿಯಲ್ಲಿ ದೂರ ಹೋಗಲು ಶುರುಮಾಡಿದ ಮೊದಲ ವರ್ಷಗಳಲ್ಲಿ ನನ್ನ ಮನಸ್ಸಿನಲ್ಲಿ ಒಂದು ಲೆಕ್ಕ ಗಟ್ಟಿಯಾಗಿ ಕೂತಿತ್ತು. ಎಂಜಿನ್ ನಿಲ್ಲಿಸಿ ಬರೀ ಗಾಳಿಯ ಬಲದಲ್ಲಿ ಹೋದರೆ ಕಡಲಿನ ಜೀವಿಗಳಿಗೆ ನಮ್ಮಿಂದ ಯಾವ ತೊಂದರೆಯೂ ಇಲ್ಲ, ಸದ್ದು ಮಾಡದಿರುವುದೇ ನಾವು ಅವುಗಳಿಗೆ ಮಾಡಬಹುದಾದ ದೊಡ್ಡ ಉಪಕಾರ. ಆ ಲೆಕ್ಕ ತಪ್ಪಿದ್ದು ಒಂದು ಬೆಳಗಿನ ಜಾವ.

ನಮ್ಮದು ಹನ್ನೊಂದು ಮೀಟರ್ ಉದ್ದದ ದೋಣಿ, ಇದ್ದವರು ನಾನು ಮತ್ತು ಗೆಳೆಯ. ಮೂರು ಮೂರು ಗಂಟೆ ಸರದಿಯ ಕಾವಲು. ಹಿಂದಿನಿಂದ ಹದವಾದ ಗಾಳಿ, ಆರು ನಾಟ್ ವೇಗ, ಚುಕ್ಕಾಣಿ ಆಟೋಪೈಲಟ್ ಕೈಯಲ್ಲಿತ್ತು. ಮುಂದೆ ನೀರಿನ ಮೇಲೆ ಕಪ್ಪಗೆ, ಉದ್ದಕ್ಕೆ ಏನೋ ತೇಲುತ್ತಿತ್ತು. ಮರದ ದಿಮ್ಮಿ ಎಂದುಕೊಂಡೆ. ಅಷ್ಟರಲ್ಲಿ ದಿಮ್ಮಿ ಉಸಿರು ಬಿಟ್ಟಿತು. ತುಂತುರು ನೇರ ಮೇಲೇಳದೆ ಮುಂದಕ್ಕೆ, ಎಡಕ್ಕೆ ವಾಲಿತು. ಸ್ಪರ್ಮ್ ತಿಮಿಂಗಿಲದ ಮೂಗಿನ ಹೊಳ್ಳೆ ಒಂದೇ, ಅದಿರುವುದು ತಲೆಯ ಮುಂತುದಿಯ ಎಡಮೂಲೆಯಲ್ಲಿ. ಹಾಗಾಗಿ ಅದರ ಉಸಿರನ್ನು ಬೇರೆ ತಿಮಿಂಗಿಲದ್ದೆಂದು ತಪ್ಪು ತಿಳಿಯುವುದು ಕಷ್ಟ.

ನಡುವೆ ಅರವತ್ತು ಮೀಟರ್ ಇದ್ದಿರಬಹುದು. ಆರು ನಾಟ್ ಎಂದರೆ ಸೆಕೆಂಡಿಗೆ ಮೂರು ಮೀಟರ್, ಅಂದರೆ ನನಗಿದ್ದದ್ದು ಇಪ್ಪತ್ತು ಸೆಕೆಂಡ್. ಗಾಳಿ ಹಿಂದಿನಿಂದ ಬರುವಾಗ ತಪ್ಪು ಕಡೆಗೆ ತಿರುಗಿಸಿದರೆ ಹಾಯಿಯ ಕೆಳಅಂಚನ್ನು ಹಿಡಿದಿರುವ ಅಡ್ಡಕೋಲು, ಅಂದರೆ ಬೂಮ್, ಈ ಬದಿಯಿಂದ ಆ ಬದಿಗೆ ರಭಸದಿಂದ ಬಡಿಯುತ್ತದೆ, ತಲೆಗೆ ತಗುಲಿದರೆ ಪ್ರಾಣಕ್ಕೇ ಕುತ್ತು. ಆಟೋಪೈಲಟ್ ಬಿಡಿಸಿ ದೋಣಿಯನ್ನು ಗಾಳಿ ಬರುತ್ತಿದ್ದ ಕಡೆಗೆ ತಿರುಗಿಸಿದೆ. ದೋಣಿ ಒಂದು ಮಗ್ಗುಲಿಗೆ ವಾಲಿ ಅದರ ಪಕ್ಕದಲ್ಲೇ ದಾಟಿತು. ಸುಕ್ಕುಗಟ್ಟಿದ ಬೆನ್ನು ಕಣ್ಣಿಗೆ ಕಾಣುವಷ್ಟು ಹತ್ತಿರ. ತಿಮಿಂಗಿಲ ಬೆಚ್ಚಿ, ಬಾಲವನ್ನೂ ಎತ್ತದೆ ಇದ್ದಲ್ಲೇ ಮುಳುಗಿತು.

ಆಮೇಲೆ ಕೂತು ಯೋಚಿಸಿದೆ. ಈ ಪ್ರಾಣಿ ಸ್ಕ್ವಿಡ್ ಎಂಬ ಮೆತ್ತನೆ ಮೈಯ ಕಡಲಜೀವಿಯನ್ನು ಹುಡುಕಿಕೊಂಡು ಸುಮಾರು ಮುಕ್ಕಾಲು ಗಂಟೆ ಆಳದಲ್ಲಿದ್ದು ಮೇಲೆ ಬಂದು ಹತ್ತು ನಿಮಿಷದಷ್ಟು ಹೊತ್ತು ಉಸಿರು ತುಂಬಿಕೊಳ್ಳುತ್ತದೆ. ಕೆಲವೊಮ್ಮೆ ಗಂಟೆಗಟ್ಟಲೆ ಅಲುಗಾಡದೆ ತೇಲುತ್ತದೆ. ಹಾಗೆ ವಿಶ್ರಾಂತಿಯಲ್ಲಿರುವ ಜೀವಿಯ ಮೇಲೆ ನಾನು ಸದ್ದಿಲ್ಲದೆ, ಟನ್ನುಗಟ್ಟಲೆ ಭಾರ ಹೊತ್ತು ಹೋಗುತ್ತಿದ್ದೆ. ಕಿವಿಯನ್ನೇ ನಂಬಿ ಬದುಕುವ ಪ್ರಾಣಿಗೆ ನಾನು ಬರುತ್ತಿರುವ ಸುಳಿವೇ ಸಿಗದಂತೆ ನೋಡಿಕೊಂಡಿದ್ದೆ.

ಅಂದಿನಿಂದ ಕೆಲವು ಅಭ್ಯಾಸ ಬದಲಿಸಿಕೊಂಡೆ. ಇಂಥ ತಿಮಿಂಗಿಲ ಹೆಚ್ಚಾಗಿ ಸಿಗುವ, ಕಡಲತಳ ಒಮ್ಮೆಲೇ ಆಳಕ್ಕಿಳಿಯುವ ಅಂಚಿನ ಹತ್ತಿರ ಹಾಯಿಯ ಮೇಲೆ ಹೋಗುವಾಗಲೂ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಸಣ್ಣಗೆ ಓಡಿಸುತ್ತೇನೆ. ಎಂಜಿನ್ ಪ್ರೊಪೆಲರನ್ನು ತಿರುಗಿಸುವುದಿಲ್ಲ, ಆದರೆ ನಾವಿದ್ದೇವೆ ಎಂಬುದು ನೀರಿನೊಳಗೆ ಕೇಳುತ್ತದೆ. ಹಗಲಲ್ಲಿ ಒಬ್ಬರು ದೋಣಿಯ ಮುಂತುದಿಯಲ್ಲಿ ನಿಲ್ಲುತ್ತೇವೆ. ಹಿಂದೆ ಕೂತವರಿಗೆ ಹಾಯಿ ಮರೆಯಾಗಿ ಅರ್ಧ ಕಡಲೇ ಕಾಣುವುದಿಲ್ಲ. ರಾತ್ರಿ ಹಾಯಿಯನ್ನು ಮಡಚಿ ಚಿಕ್ಕದು ಮಾಡಿ ವೇಗ ಇಳಿಸುತ್ತೇನೆ. ಊರು ಸೇರುವುದು ಅರ್ಧ ದಿನ ತಡವಾದರೆ ಆಗಲಿ.

ದೂರದಲ್ಲಿ ಉಸಿರು ಕಂಡರೆ ಅತ್ತ ತಿರುಗುವ ಆಸೆಯಾಗುತ್ತದೆ, ನನಗೆ ಈಗಲೂ ಆಗುತ್ತದೆ. ತಿರುಗುವುದಿಲ್ಲ. ಆಸ್ಟ್ರೇಲಿಯಾದ ನಿಯಮದಲ್ಲಿ ತಿಮಿಂಗಿಲದಿಂದ 300 ಮೀಟರ್ ಒಳಗೆ ಬಂದರೆ ವೇಗ ತಗ್ಗಿಸಬೇಕು, 100 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ. ಎಲ್ಲಿದ್ದರೂ ನಾನು ಆ ಅಳತೆಯನ್ನೇ ಇಟ್ಟುಕೊಂಡಿದ್ದೇನೆ. ಎದುರಿನಿಂದಲೂ ಹೋಗುವುದಿಲ್ಲ, ಬೆನ್ನ ಹಿಂದಿನಿಂದಲೂ ಹೋಗುವುದಿಲ್ಲ; ಬದಿಯಲ್ಲಿ, ಅದು ಹೋಗುತ್ತಿರುವ ದಿಕ್ಕಿಗೇ ಸಮವಾಗಿ ಸಾಗುತ್ತೇನೆ. ಮರಿ ಜೊತೆಗಿದ್ದರೆ ಅದೂ ಬೇಡ, ದೂರ ಸರಿಯುತ್ತೇನೆ. ತಿಮಿಂಗಿಲವೇ ನಮ್ಮ ಬಳಿ ಬಂದರೆ ಗೇರ್ ಬಿಡಿಸಿ, ಅದು ತಾನಾಗಿ ಹೋಗುವವರೆಗೆ ಸುಮ್ಮನಿರುತ್ತೇವೆ.

ಡಾಲ್ಫಿನ್‌ಗಳ ವಿಷಯ ಬೇರೆ, ಅವು ಕರೆಯದೆಯೇ ಬರುತ್ತವೆ. ದೋಣಿಯ ಮೂತಿ ನೀರನ್ನು ಮುಂದಕ್ಕೆ ತಳ್ಳುತ್ತದಲ್ಲ, ಆ ಒತ್ತಡದ ಅಲೆಯ ಮೇಲೆ ಹೆಚ್ಚು ಶ್ರಮವಿಲ್ಲದೆ ಸವಾರಿ ಮಾಡುತ್ತವೆ. ಮೊದಮೊದಲು ನಾನು ಬಗ್ಗಿ ಚಪ್ಪಾಳೆ ತಟ್ಟುತ್ತಿದ್ದೆ, ಫೋಟೋಗೆಂದು ದೋಣಿಯನ್ನು ಅತ್ತಿತ್ತ ತಿರುಗಿಸುತ್ತಿದ್ದೆ. ಎರಡೇ ನಿಮಿಷದಲ್ಲಿ ಹೊರಟುಹೋಗುತ್ತಿದ್ದವು. ದಿಕ್ಕು, ವೇಗ ಎರಡನ್ನೂ ಬದಲಿಸದೆ ಸಾಗಿದ ದಿನ ಅರ್ಧ ಗಂಟೆಗೂ ಮೀರಿ ಜೊತೆಗಿದ್ದವು. ಒಮ್ಮೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿ, ಕಲಕಿದರೆ ಬೆಳಗುವ ಸೂಕ್ಷ್ಮಜೀವಿಗಳು ನೀರಿನಲ್ಲಿ ತುಂಬಿದ್ದವು. ಡಾಲ್ಫಿನ್ ಕಾಣಿಸಲಿಲ್ಲ, ಅದರ ಮೈಯ ಆಕಾರದ ಬೆಳಕು ಮಾತ್ರ ಕಂಡಿತು: ಹಸಿರುನೀಲಿ ಗೆರೆಗಳು ಕತ್ತಲಿನಿಂದ ಬಂದು ದೋಣಿಯ ಅಡಿಯಲ್ಲಿ ನುಸುಳಿ ಆಚೆ ಏಳುತ್ತಿದ್ದವು. ಕೆಳಗೆ ಮಲಗಿದ್ದ ಗೆಳೆಯ ಎದ್ದು ಬಂದ. ಅವನ ಕಿವಿಯ ಪಕ್ಕದಲ್ಲೇ ಇದ್ದ ನಮ್ಮ ದೋಣಿಯ ಗೋಡೆಯ ಮೂಲಕ ಅವುಗಳ ಸಿಳ್ಳೆ ಅವನಿಗೆ ಮೊದಲೇ ಕೇಳಿಸಿತ್ತಂತೆ.

ಕಡಲಾಮೆಯೊಂದು ಕಳಚಿಹೋದ ಬಲೆಯಲ್ಲಿ ಸಿಕ್ಕಿದ್ದು ನೋಡಿದ್ದೂ ಒಮ್ಮೆ. ಹಾಯಿ ಇಳಿಸಿ, ತೇಲುತ್ತಾ ಹತ್ತಿರವಾಗಿ, ಕೊಕ್ಕೆಗೋಲಿನಿಂದ ಬಲೆಯನ್ನು ಹಿಡಿದೆವು, ಆಮೆಯನ್ನಲ್ಲ. ಮೊಂಡುತುದಿಯ ಕತ್ತರಿಯಿಂದ ರೆಕ್ಕೆಗಾಲಿನ ಸುತ್ತಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸಿದೆವು. ಅದರ ತಲೆ ಉಸಿರಿಗೆಂದು ನೀರಿನ ಮೇಲೆ ಬರುತ್ತಲೇ ಇರುವಂತೆ ನೋಡಿಕೊಳ್ಳುವುದೇ ಆಗ ಮುಖ್ಯ ಕೆಲಸ. ಗಾಳ ನುಂಗಿ ಬಾಯಿಂದ ದಾರ ಹೊರಬಂದಿದ್ದರೆ ಎಳೆಯಲೇಬಾರದು, ಒಳಗೆ ಹರಿಯುತ್ತದೆ. ಬಲೆಯನ್ನು ದೋಣಿಗೆ ಎಳೆದುಕೊಂಡು ದಡಕ್ಕೆ ತಂದೆವು.

ಕಳೆದ ಪಯಣದಲ್ಲಿ ಮತ್ತೆ ಅಂಥದೇ ಅಂಚು ಸಿಕ್ಕಿತು. ಗಾಳಿ ಕಡಿಮೆ, ಎಂಜಿನ್ ಸಣ್ಣಗೆ ಗುನುಗುತ್ತಿತ್ತು. ಸುಮಾರು ನಾನೂರು ಮೀಟರ್ ದೂರದಲ್ಲಿ ಓರೆಯಾದ ಉಸಿರು. ನಾವು ದಿಕ್ಕು ಬದಲಿಸಲಿಲ್ಲ. ಅದು ಅವಸರಪಡದೆ ಇನ್ನೂ ಹಲವು ಸಲ ಉಸಿರಾಡಿತು, ಆಮೇಲೆ ಬೆನ್ನು ಬಾಗಿಸಿ ಬಾಲವನ್ನು ಪೂರ್ತಿ ಮೇಲೆತ್ತಿ ಇಳಿಯಿತು. ಗೆಳೆಯ ಗಡಿಯಾರ ನೋಡಿಕೊಂಡ. ನಲವತ್ತೆರಡು ನಿಮಿಷದ ಮೇಲೆ ದುರ್ಬೀನಿನಲ್ಲಿ, ನಮ್ಮ ಹಿಂದೆ ಬಹಳ ದೂರದಲ್ಲಿ, ಅದೇ ಓರೆ ಉಸಿರು ಮತ್ತೆ ಕಂಡಿತು.