ಕಾಲು ನೋಡ್ತಾನೆ, ಮುಖ ನೋಡಲ್ಲ

“ಟೀಚರ್, ಮೂರು ದಿನ ಪ್ರಾರ್ಥನೆ ಮಾಡಿದೆ. ಅವನ ಕಾಲು ಇನ್ನೂ ಸರಿ ಆಗಿಲ್ಲ. ನಾನೇನಾದ್ರೂ ತಪ್ಪು ಮಾಡಿದ್ನಾ?”

ಜೂನ್ ತಿಂಗಳ ಭಾನುವಾರ. ಸಂಡೇ ಸ್ಕೂಲ್ ಮುಗಿದು ಮಕ್ಕಳೆಲ್ಲ ತಮ್ಮ ತಮ್ಮ ಕೊಡೆ ಹುಡುಕುತ್ತಿದ್ದರು. ಕೇಳಿದವನಿಗೆ ಒಂಬತ್ತು ವರ್ಷ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊಡಗಿನ ಸಿದ್ದಾಪುರದ ಕಡೆಯ ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ 14 ವರ್ಷದಿಂದ ಸಂಡೇ ಸ್ಕೂಲ್, ಅಂದರೆ ಮಕ್ಕಳ ಬೈಬಲ್ ತರಗತಿ, ನಡೆಸುತ್ತಿದ್ದೇನೆ. ಮಕ್ಕಳಲ್ಲಿ ಹೆಚ್ಚಿನವರು ಕಾಫಿ ತೋಟದ ಕೆಲಸಗಾರರ ಸಾಲು ಮನೆಗಳಿಂದ, ಅಂದರೆ ಲೈನ್ ಮನೆಗಳಿಂದ, ಬರುವವರು. ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಹಿಂದಿನ ಭಾನುವಾರ ನಾನು ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದ ಕಥೆ ಹೇಳಿದ್ದೆ. ಪಾರ್ಶ್ವವಾಯು ಹೊಡೆದವನನ್ನು ನಾಲ್ಕು ಜನ ಹೊತ್ತು ತರುತ್ತಾರೆ, ಬಾಗಿಲಲ್ಲಿ ಜಾಗವಿಲ್ಲ ಅಂತ ಮಾಳಿಗೆ ಬಿಚ್ಚಿ ಯೇಸುಸ್ವಾಮಿಯ ಮುಂದೆ ಇಳಿಸುತ್ತಾರೆ. “ಆಮೇಲೆ ಅವನು ಎದ್ದು ನಡೆದ. ನೀವೂ ನಿಮ್ಮ ಗೆಳೆಯರಿಗೆ ಯೇಸುವಿನ ವಿಷಯ ಹೇಳಿ” ಅಂತ ಮುಗಿಸಿದ್ದೆ. ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದೆ ಅಲ್ವಾ!

ಈ ಹುಡುಗ ಅದನ್ನು ಹಾಗೇ ನಂಬಿದ. ಎದುರಿನ ಲೈನಿನಲ್ಲಿ ಅವನ ಗೆಳೆಯ ಇದ್ದಾನೆ. ಅವನಿಗೆ ಸೆರೆಬ್ರಲ್ ಪಾಲ್ಸಿ, ವೀಲ್‌ಚೇರಿನಲ್ಲಿ ಓಡಾಡುತ್ತಾನೆ. “ಯೇಸುಸ್ವಾಮಿ ನಿನ್ನನ್ನ ನಡೆಸ್ತಾರೆ” ಅಂತ ಮಾತು ಕೊಟ್ಟು ಬಂದಿದ್ದ ನಮ್ಮವನು.

ಮಾರನೇ ದಿನ ಸಂಜೆ ಆ ಗೆಳೆಯನ ಮನೆಗೆ ಹೋದೆ. ಅವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ತಾಯಿ ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟರು, ಬೈಯಲಿಲ್ಲ. “ಟೀಚರ್, ನಾವು ಯಾವ ದೇವರನ್ನೂ ಬೇಡ ಅನ್ನಲ್ಲ. ಆದ್ರೆ ಮೂರು ರಾತ್ರಿ ಇವನು ಹಾಸಿಗೇಲಿ ಕಾಲು ಎತ್ತೋಕೆ ನೋಡ್ತಿದ್ದ. ನನಗೆ ನೋಡೋಕಾಗ್ಲಿಲ್ಲ” ಅಂದರು. ಆ ಮಾತಿಗಿಂತ ಬೈದಿದ್ದರೇ ಚೆನ್ನಾಗಿತ್ತು.

ಹುಡುಗನನ್ನೂ ಮಾತಾಡಿಸಿದೆ. ಅವನ ಮಾತು ನಿಧಾನ, ಒಂದೊಂದು ಪದಕ್ಕೂ ಇಡೀ ಮೈ ಕೆಲಸ ಮಾಡಬೇಕು. ಅವನ ದೂರು ಬೇರೆಯೇ ಇತ್ತು. “ಅವನು ಈಗ ನನ್ ಮುಖ ನೋಡಲ್ಲ. ಕಾಲೇ ನೋಡ್ತಾನೆ.”

ಅಲ್ಲಿಂದ ನಾನು ಪಾಠವನ್ನು ಮೊದಲಿನಿಂದ ಶುರು ಮಾಡಿದೆ. ಅದೇ ಕಥೆ ಮತ್ತೆ ತೆಗೆದೆ, ಆದರೆ ಈ ಸಲ ಆ ನಾಲ್ಕು ಜನರ ಮೇಲೆ ನಿಂತೆ. ಲೂಕನ ಸುವಾರ್ತೆಯಲ್ಲಿ ಇದೇ ಕಥೆಗೆ ಹೆಂಚು ತೆಗೆದರು ಅಂತಲೇ ಇದೆ. ಹೆಂಚು ಅಂದ ಕೂಡಲೇ ನಮ್ಮ ಮಕ್ಕಳು ಎದ್ದು ಕೂತರು. “ಮಳೆಗಾಲ ಆಗಿದ್ರೆ ಮನೆಯವರು ಹೊಡೀತಿದ್ರು ಟೀಚರ್!” “ಹೆಂಚು ತಿರುಗಿ ಯಾರು ಹಾಕಿದ್ರು?” ನಾನು ಎಂದೂ ಯೋಚಿಸದ ಪ್ರಶ್ನೆ. ಗೆಳೆಯ ಒಳಗೆ ಬರಲಿ ಅಂತ ಸೂರನ್ನೇ ಬಿಚ್ಚಿದವರು ಅವರು ಅಂತ ಮಕ್ಕಳೇ ಹೇಳಿದರು.

ಮುಂದಿನ ವಾರ ಮೆಫೀಬೋಶೆತನ ಕಥೆ. ಸಂಡೇ ಸ್ಕೂಲಿನಲ್ಲಿ ಇದನ್ನು ಹೇಳುವವರು ಕಡಿಮೆ. ಐದು ವರ್ಷದವನಿದ್ದಾಗ ದಾದಿಯ ಕೈಯಿಂದ ಬಿದ್ದು ಕುಂಟನಾದ ರಾಜವಂಶದ ಹುಡುಗ. ದೊಡ್ಡವನಾದ ಮೇಲೆ ದಾವೀದ ರಾಜ ಅವನನ್ನು ಕರೆಸಿ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಳ್ಳುತ್ತಾನೆ. ಎರಡನೇ ಸಮುವೇಲನ 9ನೇ ಅಧ್ಯಾಯದ ಕಡೇ ಮಾತು ಏನು ಗೊತ್ತಾ? ಅವನ ಎರಡು ಕಾಲೂ ಕುಂಟಾಗಿದ್ದವು ಅಂತ. ಕಾಲು ಸರಿ ಹೋಗಲಿಲ್ಲ, ಊಟದ ಜಾಗವೂ ತಪ್ಪಲಿಲ್ಲ. ಆ ಒಂಬತ್ತು ವರ್ಷದವನು ಇದನ್ನು ಎರಡು ಸಲ ಓದಿಸಿಕೊಂಡ.

ಇನ್ನೊಂದು ವಿಷಯ ಬಿಡಿಸಿ ಹೇಳಲೇಬೇಕಿತ್ತು. ಅಂಗವಿಕಲ ಮಗು ಹುಟ್ಟಿದರೆ ಊರಿನವರು ಹಿಂದಿನ ಜನ್ಮದ ಕರ್ಮ ಅನ್ನುತ್ತಾರೆ. ನಮ್ಮ ಸಭೆಯಲ್ಲಿ ಅದನ್ನೇ “ಯಾರದೋ ಪಾಪ” ಅಂತ ಪಿಸುಗುಟ್ಟುತ್ತಾರೆ. ಯೋಹಾನನ 9ನೇ ಅಧ್ಯಾಯದಲ್ಲಿ ಶಿಷ್ಯರೂ ಅದನ್ನೇ ಕೇಳಿದ್ದರು. ಇವನೂ ಪಾಪ ಮಾಡಲಿಲ್ಲ, ಇವನನ್ನು ಹೆತ್ತವರೂ ಮಾಡಲಿಲ್ಲ ಅಂದರು ಯೇಸು. ಸೆರೆಬ್ರಲ್ ಪಾಲ್ಸಿ ಅಂದರೆ ಹುಟ್ಟುವ ಮೊದಲೋ ಹುಟ್ಟುವ ಹೊತ್ತಿಗೋ ಹುಟ್ಟಿದ ಮೇಲೋ ಎಳೆಯ ಮಿದುಳಿಗೆ ಬೀಳುವ ಪೆಟ್ಟು, ಅದು ಅಂಟುವುದಿಲ್ಲ, ಮಾತು ತೊದಲಿದರೆ ಬುದ್ಧಿ ಇಲ್ಲ ಅಂತಲ್ಲ. ಇಷ್ಟನ್ನೂ ಬೈಬಲ್ ಪಾಠದ ನಡುವೆಯೇ ಹೇಳಿದೆ. ಸರಕಾರಿ ಕಾಗದದಲ್ಲಿ ‘ವಿಕಲಚೇತನ’ ಅಂತ ಬರೆಯುತ್ತಾರೆ. ನನಗಂತೂ ಆ ಪದ ಹಿಡಿಸುವುದಿಲ್ಲ. ಚೇತನಕ್ಕೆ ಏನಾಗಿದೆ ಪಾಪ?

ಅಂಗವಿಕಲ ಮಕ್ಕಳಿಗೆ ನೆರವಾಗಲು ಶಾಲೆಗಳಿಗೆ ಬರುವ ಬಿ.ಐ.ಇ.ಆರ್.ಟಿ. ಟೀಚರ್ ಒಬ್ಬರನ್ನು ಕೇಳಿದಾಗ ಅವರು ಒಂದು ಸಣ್ಣ ಉಪಾಯ ಹೇಳಿಕೊಟ್ಟರು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಅವನ ಮಾತನ್ನು ನೀವು ಮುಗಿಸಬೇಡಿ. ಮಕ್ಕಳಿಗೆ ಇದು ತುಂಬಾ ಕಷ್ಟವಾಯಿತು. ಕ್ಲಾಸಿನಲ್ಲೇ ಜೋಡಿ ಮಾಡಿ ಅಭ್ಯಾಸ ಮಾಡಿಸಿದೆ. ನಾಲ್ಕಕ್ಕೇ ಬಾಯಿ ತೆರೆಯುತ್ತಿದ್ದರು. ನಾನೂ ಅಷ್ಟೇ. ಕೇಳದೆ ವೀಲ್‌ಚೇರ್ ತಳ್ಳಬಾರದು ಅಂತಲೂ ಕಲಿಸಿದೆ.

ಹೆತ್ತವರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಸಭೆಗೆ ಕರೆಯಬಾರದು, ಇದು ನನ್ನ ಕಟ್ಟುನಿಟ್ಟು. 2022ರಲ್ಲಿ ಮತಾಂತರ ತಡೆ ಕಾನೂನು ಬಂದ ಮೇಲೆ ಎಲ್ಲರಿಗೂ ಅಂಜಿಕೆ ಇದೆ, ನಿಜ. ಆದರೆ ಕಾನೂನು ಇಲ್ಲದಿದ್ದರೂ ನಾನು ಹೀಗೇ ಮಾಡುತ್ತಿದ್ದೆ. ಮಿಠಾಯಿ ಕೊಡುವುದಿಲ್ಲ, ಬಹುಮಾನ ಇಲ್ಲ. “ನಾನು ಇದನ್ನ ನಂಬ್ತೀನಿ” ಅನ್ನಬಹುದು, “ನೀನೂ ನಂಬಬೇಕು” ಅನ್ನುವ ಹಾಗಿಲ್ಲ.

ನಮ್ಮ ಕ್ಲಾಸಿನ ಇನ್ನೊಬ್ಬಳು ಏಳನೇ ತರಗತಿಯವಳು. ಅವಳ ಬೆಂಚಿನ ಗೆಳತಿಗೆ ಕಿವಿ ಕೇಳಿಸುವುದಿಲ್ಲ. ಕ್ರಿಸ್ಮಸ್ ಅಂದರೇನು ಅಂತ ಆ ಗೆಳತಿಯೇ ಕೇಳಿದ್ದಳು. ಇವಳು ಗಂಟಲು ಹರಿಯುವ ಹಾಗೆ ಕೂಗಿ ಹೇಳಿದಳಂತೆ! ಭಾರತೀಯ ಸನ್ನೆ ಭಾಷೆಯ ಸಂಸ್ಥೆಯೊಂದು ದೆಹಲಿಯಲ್ಲಿದೆ, 2015ರಲ್ಲಿ ಶುರುವಾದದ್ದು. ಅವರ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ, ಮೊಬೈಲಿನಲ್ಲೇ ವಿಡಿಯೋ ಸಿಗುತ್ತವೆ. ಅದನ್ನು ನೋಡಿ ಮಗು, ಅಮ್ಮ, ರಾತ್ರಿ, ನಕ್ಷತ್ರ ಇಂಥವನ್ನು ನಾವಿಬ್ಬರೂ ಕಲಿತೆವು. ಯೇಸು ಅನ್ನಲು ಒಂದು ಕೈಯ ನಡುಬೆರಳನ್ನು ಇನ್ನೊಂದು ಅಂಗೈಗೆ ಮುಟ್ಟಿಸಿ, ಆಮೇಲೆ ಕೈ ಬದಲಿಸಬೇಕು. ಮೊಳೆಯ ಗುರುತು.

ಗೆಳತಿಯ ತಾಯಿ ಒಪ್ಪಿ ಅವಳನ್ನು ನಮ್ಮ ಮನೆಗೆ ಕಳಿಸಿದ ದಿನ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಯಾರೂ ಕೇಳುವುದಿಲ್ಲ. ಕತ್ತಲಲ್ಲಿ ಕೈ ಕಾಣದು, ತುಟಿ ಕಾಣದು. ನಮಗೆ ಕತ್ತಲಲ್ಲೂ ಮಾತು ನಡೆಯುತ್ತೆ, ಅವಳಿಗೆ ಇಡೀ ಭಾಷೆಯೇ ಆರಿಹೋಯಿತು. ನಾನು ಟಾರ್ಚನ್ನು ನಮ್ಮ ಹುಡುಗಿಯ ಗಲ್ಲದ ಕೆಳಗೆ ಹಿಡಿದೆ. ಕ್ರಿಸ್ಮಸ್ ಕಥೆಯಲ್ಲಿ ದೇವದೂತ ಬರುವ ಜಾಗದಲ್ಲಿ ದೆವ್ವದ ಮುಖ ಬಂತು! ಗೆಳತಿ ಬಿದ್ದು ಬಿದ್ದು ನಕ್ಕಳು. ಕೊನೆಗೆ ಟಾರ್ಚ್ ಅವಳೇ ಕಿತ್ತುಕೊಂಡು, ಎದುರಿಗೆ ಸ್ವಲ್ಪ ಓರೆಯಾಗಿ ಹಿಡಿದು, ಮುಂದುವರಿಸು ಅಂತ ಸನ್ನೆ ಮಾಡಿದಳು. ಕಥೆ ಹೇಗೆ ಹೇಳಬೇಕು ಅಂತ ಆ ಗೆಳತಿಯೇ ನಮಗೆ ಕಲಿಸಿದಳು.

ಡಿಸೆಂಬರ್ ಬಂತು. ಕ್ರಿಸ್ಮಸ್ ನಾಟಕಕ್ಕೆ ವೀಲ್‌ಚೇರಿನ ಹುಡುಗನನ್ನು ಕಳಿಸಲು ಅವನ ತಾಯಿ ಒಪ್ಪಿದರು. ಆಗ ಗೊತ್ತಾಯಿತು, ನಮ್ಮ ಆಲಯಕ್ಕೆ ಮೂರು ಮೆಟ್ಟಿಲು. ಹಲಗೆ ಇಟ್ಟರೆ ಆಯ್ತು ಅಂದರು ಹಿರಿಯರು. ಐದಡಿ ಹಲಗೆ ಇಟ್ಟು ಖಾಲಿ ಕುರ್ಚಿ ತಳ್ಳಿ ನೋಡಿದೆವು, ಸರ್ರನೆ ಹಿಂದಕ್ಕೆ ಬಂತು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು ಅನ್ನುವುದು ಲೆಕ್ಕ. ಆರಿಂಚಿನ ಮೂರು ಮೆಟ್ಟಿಲಿಗೆ 18 ಅಡಿ. ಅಂಗಳದಲ್ಲಿ ಅಷ್ಟು ನೇರ ಜಾಗ ಇಲ್ಲ, ಮೇಸ್ತ್ರಿ ಗೋಡೆಗುಂಟ ತಿರುವು ಕೊಟ್ಟು ಕಟ್ಟಿದ. ಸಿಮೆಂಟ್ ಹಸಿ ಇದ್ದಾಗಲೇ ಕಡ್ಡಿ ಪೊರಕೆಯಿಂದ ಗೀರು ಹಾಕಿಸಿದೆವು, ಇಲ್ಲದಿದ್ದರೆ ನಮ್ಮ ಮಳೆಗೆ ಪಾಚಿ ಹಿಡಿದು ಜಾರುತ್ತೆ. ದುಡ್ಡಿನ ವಿಷಯಕ್ಕೆ ಸಭೆಯಲ್ಲಿ ಗೊಣಗಾಟವೂ ಆಯಿತು. ಈಗ ಮಂಡಿ ನೋವಿನ ಅಜ್ಜಿಯರೆಲ್ಲ ಅದರಲ್ಲೇ ಹತ್ತುತ್ತಾರೆ, ಗೊಣಗಿದವರೂ ಕೂಡ.

ಯಾವ ಪಾತ್ರ ಬೇಕು ಅಂತ ಅವನನ್ನೇ ಕೇಳಿದೆವು. ದೇವದೂತನ ರೆಕ್ಕೆ ನಾನು ಆಗಲೇ ತೆಗೆದಿಟ್ಟಿದ್ದೆ. ಮಕ್ಕಳೆಲ್ಲ ಹತ್ತು ಎಣಿಸಿದರು. “ಹೆರೋದ” ಅಂದ. ಕೆಟ್ಟ ರಾಜನೇ ಬೇಕಂತೆ. ಕುರ್ಚಿಗೆ ಕೆಂಪು ಶಾಲು ಹೊದೆಸಿ ಸಿಂಹಾಸನ ಮಾಡಿದೆವು. ಒಂದೊಂದೇ ಪದ ಅವನು ಎಳೆದು ಗುಡುಗುವಾಗ ಹಿಂದಿನ ಬೆಂಚಿನವರಿಗೂ ಭಯವಾಯಿತು.

ಆಮೇಲೆ, ಕಾಫಿ ಕುಯ್ಲಿನ ಹೊತ್ತಿಗೆ, ನಮ್ಮ ಒಂಬತ್ತು ವರ್ಷದವನು ಮತ್ತೆ ಬಂದ. “ಈಗ ಅವನಿಗೋಸ್ಕರ ಏನಂತ ಪ್ರಾರ್ಥನೆ ಮಾಡ್ಲಿ ಟೀಚರ್?”

“ಅವನನ್ನೇ ಕೇಳು” ಅಂದೆ.

ಕೇಳಿಕೊಂಡು ಬಂದ. ಗೆಳೆಯ ಕಾಲಿನ ಮಾತೇ ಎತ್ತಿರಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವಾಗ ತೋಟದ ದಾರಿಯಲ್ಲಿ ಆನೆ ಸಿಗದಿರಲಿ, ಅದೇ ಅವನ ಕೋರಿಕೆ. ಆನೆ ಬಂದರೆ ಮಿಕ್ಕವರೆಲ್ಲ ಓಡುತ್ತಾರೆ, ಅವನು ಓಡುವ ಹಾಗಿಲ್ಲ. ಅವನು ವರ್ಷಗಳಿಂದ ದಿನಾ ಹೆದರಿಕೊಂಡೇ ಹೋಗುತ್ತಿದ್ದನಂತೆ. ಯಾರೂ ಕೇಳಿರಲಿಲ್ಲ.

ಈಗ ನಮ್ಮವನು ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡುತ್ತಾನೆ. ಆಮೇಲೆ ಅಪ್ಪನ ಮೊಬೈಲ್ ಇಸಿದುಕೊಂಡು, ಆನೆ ಎಲ್ಲಿದೆ ಅಂತ ತೋಟದ ವಾಟ್ಸಾಪ್ ಗುಂಪಿನಲ್ಲಿ ನೋಡಿ, ಎದುರಿನ ಲೈನಿಗೆ ಹೋಗಿ ಹೇಳಿ ಬರುತ್ತಾನೆ.